ಕೆಟ್ಟದ್ದನ್ನು ಮೊದಲು ಕೇಳುತ್ತಿದ್ದವರು

ಮೇಡಂ ತೀರಿಕೊಂಡ ಮರುವಾರ ನಮ್ಮ ಆಫೀಸಿನ ಸೆಮಿನಾರ್ ಹಾಲಿನಲ್ಲಿ ಸಂತಾಪ ಸಭೆ ನಡೆಯಿತು. ಮೇಜಿನ ಮೇಲೆ ಅವರ ಫೋಟೋ, ಅದಕ್ಕೊಂದು ಚೆಂಡುಹೂವಿನ ಹಾರ, ಪಕ್ಕದಲ್ಲಿ ಊದುಬತ್ತಿ. ವರ್ಷವಿಡೀ ಗಾಳಿಯಲ್ಲಿನ ಹೊಗೆ ಅಳೆಯುವ ಆಫೀಸಿನಲ್ಲಿ ಊದುಬತ್ತಿ ಹಚ್ಚಿದ್ದನ್ನು ಕಂಡಿದ್ದರೆ ಮೇಡಂ ಖಂಡಿತ ಏನಾದರೂ ಅಂದಿರುತ್ತಿದ್ದರು. ನಿರ್ದೇಶಕರು ಹಿಂದಿಯಲ್ಲಿ ಚೆನ್ನಾಗಿ ಮಾತಾಡಿದರು. ಮೇಡಂ ಜೊತೆ ಹೆಚ್ಚು ಕಾಲ ಕೆಲಸ ಮಾಡಿದವಳೆಂದು ನನ್ನನ್ನೂ ಕರೆದರು. ನಾನು ಎದ್ದುನಿಂತು ಇಂಥ ಸಭೆಗಳಲ್ಲಿ ಎಲ್ಲರೂ ಆಡುವ ಮಾತನ್ನೇ ಆಡಿ ಕೂತುಕೊಂಡೆ.

ಆಡಬೇಕಾದ ಮಾತು ಬೇರೆ ಇತ್ತು. ಮೇಡಂ ಸಾಯುವ ಮೊದಲಿನ ಎರಡು ಚಳಿಗಾಲ ನಮ್ಮ ಆಫೀಸಿನ ಯಾವ ಗಾಳಿ ಮುನ್ಸೂಚನೆಯನ್ನು ನಂಬಿಕೊಂಡು ಬೆಳಿಗ್ಗೆ ವಾಕಿಂಗ್ ಹೋಗುತ್ತಿದ್ದರೋ, ಆ ಮುನ್ಸೂಚನೆ ತಪ್ಪಾಗಿತ್ತು. ತಪ್ಪಿಗೆ ಕಾರಣ ಕಂಪ್ಯೂಟರ್ ಕೋಡಿನ ಒಂದೇ ಒಂದು ಸಾಲು. ಆ ಸಾಲು ಬರೆದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ವರದಿಯನ್ನೇ ಆಗಲಿ, ಮೇಡಂ ಕೇಳುತ್ತಿದ್ದ ಕ್ರಮವೇ ಅದು.

ಅವರ ಹೆಸರು ಬರೆಯುವುದಿಲ್ಲ. ಪತ್ರಿಕೆಯವರು ಬಂದಾಗಲೂ "ಹೆಸರು ಯಾಕೆ, ಗಾಳಿ ಬಗ್ಗೆ ಬರ್ಕೊಳ್ಳಿ ಸಾಕು" ಎಂದು ಸಾಗಹಾಕುತ್ತಿದ್ದರು. ಆಫೀಸಿನಲ್ಲಿ ಜವಾನನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರಿಗೂ ಅವರು ಬರೀ ಮೇಡಂ. ಬೇರೆ ಹೆಂಗಸರೂ ಇದ್ದೆವು, ನಮಗೆಲ್ಲ ಹೆಸರಿನ ಮುಂದೆ ಮೇಡಂ ಅಂಟಿಕೊಳ್ಳುತ್ತಿತ್ತು. ಅವರಿಗೆ ಮಾತ್ರ ಹೆಸರು ಬೇಕಿರಲಿಲ್ಲ.

ಚಿತ್ರದುರ್ಗದಿಂದ ಬಂದು ನಾನು ದೆಹಲಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ಶನಿವಾರ ಅವರು ನನ್ನನ್ನು ಚಾಣಕ್ಯಪುರಿಗೆ, ನಮ್ಮ ರಾಜ್ಯದ ಅತಿಥಿಗೃಹದ ಕ್ಯಾಂಟೀನಿಗೆ ಕರೆದುಕೊಂಡು ಹೋದರು. ಹೊಸದಾಗಿ ಬಂದ ಕನ್ನಡದವರನ್ನೆಲ್ಲ ಹಾಗೆ ಒಮ್ಮೆ ಅಲ್ಲಿಗೆ ಕರೆದೊಯ್ಯುವುದು ಅವರ ರೂಢಿಯಂತೆ. ಗಟ್ಟಿ ಇಸ್ತ್ರಿಯ ಹತ್ತಿ ಸೀರೆ, ಕಾಲಿಗೆ ಬಿಳಿ ಸ್ಪೋರ್ಟ್ಸ್ ಶೂ, ಕೊರಳಲ್ಲಿ ಒಂದು ಕನ್ನಡಕ, ತಲೆಯ ಮೇಲೆ ಇನ್ನೊಂದು. ಆಟೋದವನ ಜೊತೆ ಗೇಟಿನವರೆಗೂ ಹಿಂದಿಯಲ್ಲಿ ಜಗಳಾಡಿ, ಇಳಿದ ಮೇಲೆ ಅವನ ಮಗಳ ಪರೀಕ್ಷೆ ಹೇಗಾಯಿತೆಂದು ವಿಚಾರಿಸಿದರು.

"ಶಬಾನಾ, ಚಿತ್ರದುರ್ಗದವಳು ಅಂದ್ರೆ ಬಿಸಿಲು ನಿಂಗೆ ಹೊಸದಲ್ಲ. ಸ್ವೆಟರ್ ಇದೆಯಾ?"

"ಒಂದಿದೆ ಮೇಡಂ."

"ಒಂದು ಯಾತಕ್ಕೂ ಸಾಲಲ್ಲ. ಚಲೋ, ಇಡ್ಲಿ ತಿನ್ನು, ಆಮೇಲೆ ಸ್ವೆಟರ್ ತರೋಣ. ಇಲ್ಲಿ ಸಾಂಬಾರ್ ಸಿಹಿ ಅಂತ ಮುಖ ಸಿಂಡರಿಸಬೇಡ, ಆರು ತಿಂಗಳು ಕಳೀಲಿ, ಇದೇ ಅಮೃತ ಅಂತೀಯ."

ಅವರು ಹೇಳಿದ್ದು ನಿಜವಾಯಿತು. ಆರಲ್ಲ, ಮೂರೇ ತಿಂಗಳು ಸಾಕಾಯಿತು.

ಮೇಡಂ ತುಮಕೂರಿನವರು. ಮದುವೆಯಾಗಿ ದೆಹಲಿಗೆ ಬಂದಾಗ ಕೈಯಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಇತ್ತು. ಗಂಡ ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಸೆಕ್ಷನ್ ಆಫೀಸರ್, ವಾಸ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ನಮ್ಮ ಸಂಸ್ಥೆಗೆ ಸೇರಿ ವರ್ಷಗಟ್ಟಲೆ ಗಾಳಿಯ ದಿಕ್ಕು, ವೇಗದ ಲೆಕ್ಕ ಮಾಡುತ್ತಿದ್ದರಂತೆ. ಐವತ್ತು ದಾಟಿದ ಮೇಲೆ, ಜೊತೆಯವರೆಲ್ಲ ಪಿಂಚಣಿಯ ಮಾತಾಡುತ್ತಿದ್ದಾಗ, ಇವರು ನಮ್ಮಂಥ ಕಿರಿಯರ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಮಷಿನ್ ಲರ್ನಿಂಗ್ ಕಲಿತರು. ಕಲಿಯುವಾಗ ನಾಚಿಕೆ ಅನ್ನುವುದು ಇರಲಿಲ್ಲ. "ಇನ್ನೊಂದ್ಸಲ ಹೇಳು, ದಡ್ಡಿಗೆ ಹೇಳಿದ ಹಾಗೆ ಹೇಳು" ಅನ್ನುವರು. ಹೇಳಿ ಮುಗಿಸುವಷ್ಟರಲ್ಲಿ ಮುಡಿಯಿಂದ ಹೇರ್‌ಪಿನ್ ತೆಗೆದು ಅದರ ತುದಿಯಿಂದ ಪರದೆಯ ಮೇಲೆ ಕುಕ್ಕುತ್ತ ನಮಗೆ ಗೊತ್ತಿಲ್ಲದ ಪ್ರಶ್ನೆ ಕೇಳುವರು. ಅವರು ಕೂತು ಕೆಲಸ ಮಾಡಿದ ಕಂಪ್ಯೂಟರುಗಳನ್ನೆಲ್ಲ ಪರದೆಯ ಮೇಲಿನ ಗೀರುಗಳಿಂದಲೇ ಗುರುತು ಹಿಡಿಯಬಹುದಿತ್ತು.

ನಮ್ಮ ಕೆಲಸ ಏನೆಂದು ಹೇಳಬೇಕು. ದೆಹಲಿ ಮತ್ತು ಸುತ್ತಲಿನ ಊರುಗಳಲ್ಲಿ ಗಾಳಿಯ ಮಾಲಿನ್ಯ ಅಳೆಯುವ ಸ್ಟೇಷನ್ನುಗಳಿವೆ. ಒಂದೊಂದು ಜಾಗದಲ್ಲಿ ನಾಳೆ ಗಾಳಿ ಹೇಗಿರುತ್ತದೆ ಎಂದು ಇವತ್ತೇ ಹೇಳುವುದು ನಮ್ಮ ಗುಂಪಿನ ಹೊಣೆ. ಜನರ ಫೋನಿನಲ್ಲಿ ಅದು ಬಣ್ಣವಾಗಿ ಕಾಣುತ್ತದೆ: ಹಸಿರಾದರೆ ಚೆನ್ನ, ಹಳದಿಯಾದರೆ ಪರವಾಗಿಲ್ಲ, ಕೆಂಪಾದರೆ ಮನೆಯಲ್ಲಿರಿ. ಮೊದಲು ಒಂದೊಂದು ಸ್ಟೇಷನ್ನಿಗೆ ಒಂದೊಂದು ಮಾಡೆಲ್ ಇತ್ತು, ಅಂದರೆ ಹಿಂದಿನ ಅಳತೆ ನೋಡಿ ಮುಂದಿನದನ್ನು ಊಹಿಸಲು ಕಲಿಯುವ ಪ್ರೋಗ್ರಾಂ. ಹಳೆಯ ಸ್ಟೇಷನ್ನುಗಳ ಹತ್ತಿರ ವರ್ಷಗಳ ಅಳತೆ ಇದ್ದುದರಿಂದ ಅವುಗಳ ಮಾಡೆಲ್ ಚೆನ್ನಾಗಿ ಕಲಿಯುತ್ತಿತ್ತು. ಹೊಸದಾಗಿ ಹಾಕಿದವಕ್ಕೆ ಕಲಿಯಲು ಏನೂ ಇರುತ್ತಿರಲಿಲ್ಲ.

ಎಲ್ಲವನ್ನೂ ಸೇರಿಸಿ ಒಂದೇ ಮಾಡೆಲ್ ಮಾಡೋಣ ಎಂದವರು ಮೇಡಂ. ಮಲ್ಟಿ-ಟಾಸ್ಕ್ ಎಂದು ಅದಕ್ಕೆ ಹೆಸರು. ಒಂದೇ ಮಾಡೆಲ್ ಹಲವು ಕೆಲಸ ಒಟ್ಟಿಗೆ ಕಲಿಯುತ್ತದೆ. ಚಳಿ, ಗಾಳಿ, ಮಂಜು, ಕೊಯ್ಲಾದ ಮೇಲೆ ಗದ್ದೆಗಳಲ್ಲಿ ಸುಡುವ ಹುಲ್ಲಿನ ಹೊಗೆ, ಇವೆಲ್ಲ ಎಲ್ಲ ಸ್ಟೇಷನ್ನುಗಳಿಗೂ ಸಮಾನ. ಅದನ್ನು ಎಲ್ಲರ ಡೇಟಾದಿಂದ ಒಟ್ಟಿಗೆ ಕಲಿಸುವುದು, ಕೊನೆಯಲ್ಲಿ ಮಾತ್ರ ಒಂದೊಂದು ಸ್ಟೇಷನ್ನಿಗೆ ಒಂದೊಂದು ಪುಟ್ಟ ಕವಲು ಕೊಡುವುದು. ಇದನ್ನು ಮೇಲಧಿಕಾರಿಗಳಿಗೆ ಅವರು ವಿವರಿಸಿದ್ದು ಹೀಗೆ: "ಕೂಡು ಕುಟುಂಬ ಸರ್. ದುಡಿಯೋ ಅಣ್ಣಂದಿರು ನಾಲ್ಕು ಜನ ಇದ್ರೆ, ಇನ್ನೂ ಓದ್ತಾ ಇರೋ ತಮ್ಮನ ಊಟ ನಡೆಯುತ್ತೆ." ಅಧಿಕಾರಿಗಳು ನಕ್ಕು ಒಪ್ಪಿಕೊಂಡರು. ಅಂದಿನಿಂದ ಹೊಸ ಸ್ಟೇಷನ್ನುಗಳಿಗೆಲ್ಲ ನಮ್ಮ ಕೋಣೆಯಲ್ಲಿ ತಮ್ಮ ಎಂದೇ ಹೆಸರಾಯಿತು.

ಸೋಮವಾರ ಬೆಳಿಗ್ಗೆ ಮೀಟಿಂಗ್. ಹಿಂದಿನ ವಾರ ಯಾವ ಸ್ಟೇಷನ್ನಿನಲ್ಲಿ ನಮ್ಮ ಮುನ್ಸೂಚನೆ ಎಷ್ಟು ತಪ್ಪಿತು ಎನ್ನುವ ಪಟ್ಟಿ ತೆಗೆದುಕೊಂಡು ಹೋಗಬೇಕು. ನಾನು ಸೇರಿದ ಹೊಸದರಲ್ಲಿ ಜಾಣತನ ಮಾಡಿ ಎಲ್ಲದರ ಸರಾಸರಿ ಲೆಕ್ಕ ಹಾಕಿ ತಂದಿದ್ದೆ. ಸರಾಸರಿ ಚೆನ್ನಾಗಿತ್ತು. ಮೇಡಂ ಕಾಗದವನ್ನು ಬೋರಲು ಹಾಕಿದರು.

"ಇದನ್ನ ಮಂತ್ರಿಗಳಿಗೆ ತೋರಿಸು. ನಂಗೆ ಕೆಟ್ಟದ್ದು ಮೊದಲು ಹೇಳು."

ಅಲ್ಲಿಂದ ಮುಂದೆ ಪಟ್ಟಿ ಯಾವಾಗಲೂ ಕೆಟ್ಟದ್ದರಿಂದ ಶುರುವಾಗುತ್ತಿತ್ತು. ಅತಿ ಹೆಚ್ಚು ತಪ್ಪಿದ ಸ್ಟೇಷನ್ ಮೇಲೆ, ಅತಿ ಚೆನ್ನಾಗಿ ಹೇಳಿದ್ದು ತಳದಲ್ಲಿ. ಮೇಲಿನ ಒಂದೊಂದನ್ನೂ ಅವರು ಜಾಲಾಡುತ್ತಿದ್ದರು. ಅಲ್ಲಿ ರಸ್ತೆ ಅಗೆದಿದ್ದಾರಾ, ಮದುವೆ ಹಾಲ್ ಇದೆಯಾ, ಪಟಾಕಿ ಹೊಡೆದರಾ, ಹೋಗಿ ನೋಡಿ ಬಾ ಎನ್ನುವರು. ಪಟ್ಟಿಯ ಅರ್ಧಕ್ಕೆ ಬರುವಷ್ಟರಲ್ಲಿ ಚಹಾ ಬರುತ್ತಿತ್ತು, ಚಹಾದೊಂದಿಗೆ ಅವರ ಡಬ್ಬಿಯ ಹುರಿಗಡಲೆ ಬರುತ್ತಿತ್ತು, ಮೀಟಿಂಗ್ ಮುಗಿಯುತ್ತಿತ್ತು. ತಳದಲ್ಲಿದ್ದವರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ. ಅವರು ಚೆನ್ನಾಗಿದ್ದಾರಲ್ಲ, ಅವರದೇನು ಚಿಂತೆ ಎಂದುಕೊಂಡಿದ್ದೆವು.

ಮೇಡಂಗೆ ಸಿಟ್ಟು ಬಂದರೆ ಇಂಗ್ಲಿಷ್ ಬರುತ್ತಿತ್ತು. ಮಾಮೂಲಾಗಿ ನನ್ನೊಡನೆ ಕನ್ನಡ, ಉಳಿದವರೊಡನೆ ಹಿಂದಿ. ಬೆಳಿಗ್ಗೆ ಬಂದವರೇ "ಗುಡ್ ಮಾರ್ನಿಂಗ್" ಎಂದರೆ ಇವತ್ತು ಯಾರಿಗೋ ಕಾದಿದೆ ಎಂದು ಕೋಣೆಯೆಲ್ಲ ತೆಪ್ಪಗಾಗುತ್ತಿತ್ತು. ಮಗಳ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳುವುದೇ ಒಂದು ಮಜ. ಗುರುಗ್ರಾಮದಲ್ಲಿ ಕೆಲಸದಲ್ಲಿದ್ದ ಆ ಹುಡುಗಿ ಹಿಂದಿಯಲ್ಲಿ ಕೇಳುವಳು, ಇವರು ಕನ್ನಡದಲ್ಲಿ ಉತ್ತರ ಕೊಡುವರು, ಇಬ್ಬರೂ ಸೋಲುತ್ತಿರಲಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ಮೇಡಂ ಪೂರ್ತಿಯಾಗುವುದಿಲ್ಲ. ಆಫೀಸಿನ ಗೇಟಿನ ಹತ್ತಿರ ಗಾಡಿಯಲ್ಲಿ ತರಕಾರಿ ಮಾರುವವನೊಬ್ಬನಿದ್ದ. ಅವನಿಗೆ ಮೇಡಂ ಕೆಲಸದ ಅಂದಾಜಿತ್ತು. "ಮೇಡಂ ಜೀ, ಕಲ್ ಹವಾ ಕೈಸೀ ರಹೇಗೀ?" ಎಂದು ಸಂಜೆ ಮರುದಿನದ ಗಾಳಿ ಹೇಗಿರುತ್ತದೆಂದು ಕೇಳುತ್ತಿದ್ದ. ಅವನಿಗೆ ಧೂಳಿಗೆ ಕಣ್ಣುರಿಯುವ ತೊಂದರೆ. ಇವರು ನಿಂತು, ಫೋನ್ ತೆಗೆದು, ನೋಡಿ ಹೇಳುತ್ತಿದ್ದರು. ಒಂದು ದಿನ ಪರವಾಗಿಲ್ಲ ಎಂದು ಹೇಳಿದ್ದರು, ಮರುದಿನ ಆಕಾಶವೆಲ್ಲ ಬೂದಿ ಬಣ್ಣವಾಗಿತ್ತು. ಅಂದು ಬೆಳಿಗ್ಗೆ ಆಫೀಸಿನೊಳಗೆ ಬರುವ ಮೊದಲೇ ಅವನ ಗಾಡಿಯ ಹತ್ತಿರ ಹೋದರು. "ಭಯ್ಯಾ, ಕಲ್ ಗಲತ್ ಬತಾಯಾ ಮೈನೇ. ಮಾಫ್ ಕರನಾ." ನಿನ್ನೆ ತಪ್ಪು ಹೇಳಿದೆ, ಕ್ಷಮಿಸು ಎಂದು. ಅವನಿಗೆ ಕಸಿವಿಸಿ. ದೇವರು ಮಾಡಿದ ಗಾಳಿಗೆ ನೀವೇಕೆ ಮಾಫಿ ಕೇಳುತ್ತೀರಿ ಅಂದ. "ಗಾಳಿಗಲ್ಲ, ನಾನು ಹೇಳಿದ್ದಕ್ಕೆ" ಎಂದು ಹಿಂದಿಯಲ್ಲಿ ಹೇಳಿ ಎರಡು ಕಟ್ಟು ಮೆಂತ್ಯ ಸೊಪ್ಪು ಕೊಂಡು ಬಂದರು. ನಾನು ನಕ್ಕಿದ್ದೆ. ನನ್ನ ನಗುವಿಗೆ ಅವರು ನಗಲಿಲ್ಲ.

ಮೇಡಂ ಗಂಡ, ನನಗೆ ಅಂಕಲ್, ನಿವೃತ್ತರಾದಾಗ ಆರ್.ಕೆ.ಪುರಂ ಬಿಡಬೇಕಾಯಿತು. ರೋಹಿಣಿಯ ಅಂಚಿನ ಒಂದು ಸೆಕ್ಟರಿನಲ್ಲಿ ಫ್ಲ್ಯಾಟ್ ತೆಗೆದುಕೊಂಡಿದ್ದರು, ಅಲ್ಲಿಗೆ ಹೋದರು. ಮೇಡಂಗೆ ಇನ್ನೂ ಕೆಲವು ವರ್ಷ ಸರ್ವೀಸ್ ಇತ್ತು, ಅಲ್ಲಿಂದ ಎರಡು ಮೆಟ್ರೋ ಬದಲಿಸಿ ಬರುತ್ತಿದ್ದರು. ಅವರ ಎದೆ ಮೊದಲಿನಿಂದಲೂ ಗಟ್ಟಿಯಿರಲಿಲ್ಲ. ಚಳಿಗಾಲ ಬಂತೆಂದರೆ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಶ್ವಾಸಕೋಶದ ಹಳೆಯ ಕಾಯಿಲೆ, ದಿನಾ ನಡೆಯಲೇಬೇಕು, ಆದರೆ ಗಾಳಿ ಕೆಟ್ಟ ದಿನ ಹೊರಗೆ ಕಾಲಿಡಬಾರದು ಎಂದು ಡಾಕ್ಟರು ಹೇಳಿದ್ದರು.

ಅವರ ಫ್ಲ್ಯಾಟಿನಿಂದ ಕೂಗಳತೆಯಲ್ಲೇ ಹೊಸ ಸ್ಟೇಷನ್ ಒಂದು ಬಂತು. ಆ ಕಡೆಗೆ ಅದೇ ಮೊದಲನೆಯದು. ಮೇಡಂಗೆ ಮೊಮ್ಮಗ ಹುಟ್ಟಿದಷ್ಟು ಖುಷಿ. "ಶಬಾನಾ, ನಮ್ಮನೆ ತಮ್ಮನ್ನ ಬೇಗ ಸೇರಿಸು" ಎಂದು ದಿನಾ ಕೇಳುವರು. ಆ ಕೆಲಸ ನನಗೆ ಬಂತು.

ಈಗ ನನ್ನ ಸಾಲಿನ ಕತೆ. ಆ ಹೊಸ ಸ್ಟೇಷನ್ನಿನ ಡೇಟಾದಲ್ಲಿ ಖಾಲಿ ಜಾಗಗಳಿದ್ದವು. ಯಂತ್ರದ ಫಿಲ್ಟರಿನಲ್ಲಿ ಧೂಳು ಕಟ್ಟಿಕೊಂಡರೆ ಅದು ತಾನಾಗಿ ನಿಂತುಬಿಡುತ್ತಿತ್ತು, ಆಪರೇಟರ್ ಬಂದು ಬದಲಿಸುವವರೆಗೆ ಅಳತೆ ಇರುತ್ತಿರಲಿಲ್ಲ. ಹಳೆಯ ಸ್ಟೇಷನ್ನುಗಳ ಫೈಲಿನಲ್ಲಿ ಅಳತೆ ಇಲ್ಲದ ಕಡೆ ಒಂದು ಗುರುತು ಇರುತ್ತದೆ. ಆ ಗುರುತು ಕಂಡರೆ ಮಾಡೆಲ್ ಆ ಗಂಟೆಯನ್ನು ಬಿಟ್ಟು ಮುಂದೆ ಹೋಗುತ್ತದೆ. ಹೊಸದರಲ್ಲಿ ಗುರುತು ಇರಲಿಲ್ಲ, ಬರೀ ಖಾಲಿ. ಎಲ್ಲ ಸ್ಟೇಷನ್ನುಗಳೂ ಒಂದೇ ಕೋಷ್ಟಕದಲ್ಲಿ ಇರುವುದರಿಂದ ಒಂದು ಖಾಲಿ ಸಿಕ್ಕರೂ ಇಡೀ ಪ್ರೋಗ್ರಾಂ ನಿಂತುಹೋಗುತ್ತಿತ್ತು. ಅವತ್ತು ಮಧ್ಯಾಹ್ನ ನಾನು ಊರಿಗೆ ಹೊರಟಿದ್ದೆ, ತಂಗಿಯ ನಿಶ್ಚಿತಾರ್ಥ. ಪ್ರೋಗ್ರಾಂ ಒಮ್ಮೆ ಓಡಿದರೆ ಸಾಕೆಂದು ಖಾಲಿ ಇದ್ದ ಕಡೆಯಲ್ಲೆಲ್ಲ ಸೊನ್ನೆ ತುಂಬುವ ಒಂದು ಸಾಲು ಬರೆದೆ. ಬಂದ ಮೇಲೆ ಸರಿ ಮಾಡುವುದು ಎಂದುಕೊಂಡೆ. ಪ್ರೋಗ್ರಾಂ ಓಡಿತು, ನಾನು ವಿಮಾನ ಹತ್ತಿದೆ, ಬಂದ ಮೇಲೆ ಮರೆತೆ.

ಅಳತೆ ಇಲ್ಲದ ಗಂಟೆಯೆಲ್ಲ ಸೊನ್ನೆಯಾಯಿತು. ಮಾಲಿನ್ಯ ಸೊನ್ನೆ ಎಂದರೆ ಗಾಳಿ ಶುದ್ಧ. ಧೂಳು ಹೆಚ್ಚಾದಾಗಲೇ ಫಿಲ್ಟರ್ ಕಟ್ಟಿಕೊಳ್ಳುತ್ತಿತ್ತು, ಅದರಲ್ಲೂ ಚಳಿಗಾಲದ ಮಂಜಿನ ಬೆಳಗುಗಳಲ್ಲಿ. ಹಾಗಾಗಿ ಗಾಳಿ ಅತ್ಯಂತ ಕೆಟ್ಟಿರುವ ಗಂಟೆಗಳಲ್ಲೇ ಗಾಳಿ ಶುದ್ಧವಾಗಿದೆ ಎಂದು ಮಾಡೆಲ್ ಕಲಿತುಕೊಂಡಿತು. ಅಣ್ಣಂದಿರಿಂದ ಕಲಿತದ್ದೂ ಸ್ವಲ್ಪ ಇದ್ದುದರಿಂದ ಹಸಿರು ತೋರಿಸುತ್ತಿರಲಿಲ್ಲ. ಕೆಂಪು ತೋರಿಸಬೇಕಾದ ಬೆಳಿಗ್ಗೆ ಹಳದಿ ತೋರಿಸುತ್ತಿತ್ತು.

ಯಾರಿಗೂ ಯಾಕೆ ಗೊತ್ತಾಗಲಿಲ್ಲ? ಮುನ್ಸೂಚನೆ ತಪ್ಪಿತೋ ಇಲ್ಲವೋ ಎಂದು ನೋಡಲು ನಾವು ಹೋಲಿಸುತ್ತಿದ್ದದ್ದು ಅದೇ ಕೋಷ್ಟಕದ ಅಳತೆಯ ಜೊತೆ. ಅಲ್ಲೂ ಸೊನ್ನೆಯೇ ಇತ್ತು. ಸುಳ್ಳಿನ ಜೊತೆ ಸುಳ್ಳು ಚೆನ್ನಾಗಿ ಹೊಂದಿಕೊಂಡಿತು. ಎಲ್ಲ ಸ್ಟೇಷನ್ನುಗಳಲ್ಲಿ ಅತಿ ಕಡಿಮೆ ತಪ್ಪು ಮಾಡಿದ್ದು ಅದೇ ಎಂದು ಪಟ್ಟಿ ಹೇಳಿತು. ಕೆಟ್ಟದ್ದರಿಂದ ಶುರುವಾಗುವ ಪಟ್ಟಿಯಲ್ಲಿ ಅದು ಎಲ್ಲಕ್ಕಿಂತ ತಳದಲ್ಲಿ ಕೂತಿತು. ಎರಡು ಚಳಿಗಾಲ ನಾವು ಅಲ್ಲಿಯವರೆಗೆ ಇಳಿಯಲೇ ಇಲ್ಲ.

ಒಂದೇ ಒಂದು ಸಲ ಮೇಡಂ ಆ ತಳದ ಹೆಸರನ್ನು ಓದಿದ್ದರು. ಮೊದಲ ಚಳಿಗಾಲದಲ್ಲಿ. ಓದಿ, ಮರುದಿನ ಮನೆಯಿಂದ ಕೋಡುಬಳೆ ಮಾಡಿಕೊಂಡು ಬಂದರು. "ನಮ್ಮನೆ ತಮ್ಮ ಫಸ್ಟ್ ಕ್ಲಾಸಲ್ಲಿ ಪಾಸಾಗಿದಾನೆ, ತಗೊಳ್ಳಿ" ಎಂದು ಕೋಣೆಗೆಲ್ಲ ಹಂಚಿದರು. ನನಗೆ ಎರಡು ಹೆಚ್ಚು ಕೊಟ್ಟರು. ನಗರದ ಅಂಚು, ಆಚೆ ಬಯಲಿದೆ, ಗಾಳಿ ಆಡುತ್ತದೆ, ಅದಕ್ಕೇ ಹಳದಿ ಎಂದು ಅವರೇ ಕಾರಣವನ್ನೂ ಕೊಟ್ಟರು. ನಾನು ಕೋಡುಬಳೆ ತಿಂದು ಹೌದು ಮೇಡಂ ಎಂದೆ.

ಎರಡನೆಯ ಚಳಿಗಾಲ ಅವರು ತುಂಬ ಇಳಿದುಹೋದರು. ಮಾತಿನ ನಡುವೆ ನಿಲ್ಲಿಸಿ ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು. ವಾಕಿಂಗ್ ಬಿಟ್ಟಿರಲಿಲ್ಲ. ಜನವರಿಯಲ್ಲಿ ಒಂದು ಬೆಳಿಗ್ಗೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಉಸಿರು ಸಿಕ್ಕದೆ ಕೂತಾಗ ಆಕಾಶ ನೋಡಿದರಂತೆ, ಫೋನ್ ನೋಡಿದರಂತೆ. ಆಕಾಶ ಕಂದು ಬಣ್ಣ, ಫೋನ್ ಹಳದಿ. ಮರುದಿನ ಆಫೀಸಿನಿಂದ ಕೈಯಲ್ಲಿ ಹಿಡಿಯುವ ಮೀಟರೊಂದನ್ನು ಮನೆಗೆ ತೆಗೆದುಕೊಂಡು ಹೋಗಿ ಮೂರು ದಿನ ಬಾಲ್ಕನಿಯಲ್ಲಿ ಇಟ್ಟು ಬರೆದುಕೊಂಡರು. ನಾಲ್ಕನೆಯ ದಿನ ನನ್ನನ್ನು ಕರೆದರು.

"ಗುಡ್ ಮಾರ್ನಿಂಗ್, ಶಬಾನಾ."

ಪರದೆಯ ಮೇಲೆ ನನ್ನ ಸಾಲು ಇತ್ತು. ಪಕ್ಕದಲ್ಲಿ, ಯಾರು ಬರೆದದ್ದು ಎಂದು ಕಂಪ್ಯೂಟರ್ ತಾನಾಗಿ ಇಟ್ಟುಕೊಳ್ಳುವ ದಾಖಲೆಯಲ್ಲಿ, ನನ್ನ ಹೆಸರು. ಹೇರ್‌ಪಿನ್ನಿನ ತುದಿ ಅಲ್ಲಿ ನಿಂತಿತ್ತು, ಕುಕ್ಕಲಿಲ್ಲ. ತಪ್ಪಾಯ್ತು ಮೇಡಂ ಎಂದೆ. ಅಳು ಬಂತು.

"It is a mistake. We will correct it," ಎಂದರು. ಎರಡು ದಿನ ನನ್ನೊಡನೆ ಕನ್ನಡವಿಲ್ಲ. ಆ ಎರಡು ದಿನದಲ್ಲಿ ಅವರೇ ಕೂತು ಎಲ್ಲ ಖಾಲಿ ಜಾಗಗಳಿಗೆ ಗುರುತು ಹಾಕಿದರು, ಮಾಡೆಲ್ಲಿಗೆ ಹೊಸದಾಗಿ ಕಲಿಸಿದರು, ಮೇಲಿನವರಿಗೆ ಪತ್ರ ಬರೆದರು. ಲೋಪ ತನ್ನ ಮೇಲ್ವಿಚಾರಣೆಯದು, ಆ ಸ್ಟೇಷನ್ನಿನ ಮುನ್ಸೂಚನೆಯನ್ನು ಸರಿಯಾಗುವವರೆಗೆ ನಿಲ್ಲಿಸಬೇಕು ಎಂದು ಅದರಲ್ಲಿತ್ತು. ನನ್ನ ಕಾಂಟ್ರ್ಯಾಕ್ಟ್ ಮುಂದುವರಿಯುವುದೋ ಇಲ್ಲವೋ ಎನ್ನುವ ತಿಂಗಳು ಅದು. ಪತ್ರದಲ್ಲಿ ನನ್ನ ಹೆಸರು ಹುಡುಕಿದೆ, ಇರಲಿಲ್ಲ.

ಮೂರನೆಯ ದಿನ ಸಂಜೆ ಅವರೇ ನನ್ನ ಮೇಜಿನ ಹತ್ತಿರ ಬಂದರು. ಕನ್ನಡ ಮರಳಿತ್ತು.

"ಊಟ ಮಾಡಿದ್ಯಾ?"

"ಹೂಂ ಮೇಡಂ."

"ಸುಳ್ಳು ಹೇಳಬೇಡ. ನಂಗೆ ಸಿಟ್ಟಿದೆ, ಅದು ಇಳಿಯೋಕೆ ಟೈಮ್ ಬೇಕು. ಹಾಗಂತ ನೀನು ಉಪವಾಸ ಇದ್ರೆ ಇಳಿಯಲ್ಲ." ಹೊರಟವರು ತಿರುಗಿ, "ಒಂದು ಮಾತು. ಮನೆಗೆ ಬಂದಾಗ ಅಂಕಲ್ ಮುಂದೆ ಈ ವಿಷಯ ಎತ್ತಬೇಡ" ಎಂದರು.

ಆಗಲಿ ಎಂದೆ. ನನಗೆ ಅನ್ನಿಸಿದ್ದು ಇಷ್ಟು: ಅಂಕಲ್ ಅಪಾರ್ಟ್‌ಮೆಂಟಿನ ಸೊಸೈಟಿಯವರ ಮುಂದೆಲ್ಲ ಹೆಂಡತಿಯ ಮುನ್ಸೂಚನೆಯ ಬಗ್ಗೆ ಜಂಬ ಕೊಚ್ಚಿಕೊಳ್ಳುತ್ತಿದ್ದರು, ಅವರೆದುರು ತಲೆತಗ್ಗಿಸಲು ಮೇಡಂಗೆ ಇಷ್ಟವಿಲ್ಲ. ದೊಡ್ಡವರಿಗೂ ಒಂದು ಬಿಗುಮಾನ ಇರುತ್ತದಲ್ಲ ಎಂದುಕೊಂಡೆ. ಅಷ್ಟು ವರ್ಷ ಅವರ ಪಕ್ಕ ಕೂತೂ ನಾನು ಅವರನ್ನು ಅಳೆದದ್ದು ಹಾಗೆ.

ಮಾರ್ಚಿನಲ್ಲಿ ಆಸ್ಪತ್ರೆಗೆ ಸೇರಿದರು. ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದ್ದರು. ನಾನು ಹೋದಾಗ ಅದನ್ನು ಸರಿಸಿ "ತಮ್ಮ ಈಗ ಪಟ್ಟೀಲಿ ಎಲ್ಲಿದಾನೆ?" ಎಂದು ಕೇಳಿದರು. ಮೇಲಿನಿಂದ ಮೂರನೆಯವನು ಎಂದೆ. ಅಷ್ಟು ತಪ್ಪು ಮಾಡುತ್ತಿದ್ದ, ಈಗ ನಿಜವಾದ ಅಳತೆಯೊಡನೆ ಹೋಲಿಸುತ್ತಿದ್ದೆವಲ್ಲ. "ಅಚ್ಛಾ, ಇನ್ಮೇಲೆ ಕಲೀತಾನೆ" ಎಂದು ಮಾಸ್ಕ್ ಹಾಕಿಕೊಂಡರು. ಹೊರಗೆ ಬಂದು ಡಾಕ್ಟರನ್ನು ಹಿಡಿದು ಕೇಳಿದೆ. ಎರಡು ಚಳಿಗಾಲ ಕೆಟ್ಟ ಗಾಳಿಯಲ್ಲಿ ನಡೆದದ್ದರಿಂದ ಹೀಗಾಯಿತೇ? ಅವರು ನನ್ನನ್ನು ಒಮ್ಮೆ ನೋಡಿ, ಹಳೆಯ ಕಾಯಿಲೆ, ಬೆಳಿಗ್ಗೆಯ ವಾಕಿಂಗ್ ಎಷ್ಟು ಕೆಡಿಸಿತು, ತಾನಾಗಿ ಎಷ್ಟು ಕೆಟ್ಟಿತು, ಯಾರೂ ಬಿಡಿಸಿ ಹೇಳಲಾರರು ಎಂದರು. ಅಲ್ಲ ಎಂದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಹೌದು ಎಂದಿದ್ದರೂ ಹೇಗೋ ಏನೋ ಮಾಡುತ್ತಿದ್ದೆ. ಏಪ್ರಿಲಿನಲ್ಲಿ ಮೇಡಂ ಹೋದರು.

ಸಂತಾಪ ಸಭೆಯಾಯಿತು, ಅವರ ಕುರ್ಚಿಗೆ ಬೇರೆಯವರು ಬಂದರು, ನನ್ನ ಕಾಂಟ್ರ್ಯಾಕ್ಟ್ ಮುಂದುವರಿಯಿತು. ಯಾರಿಗಾದರೂ ಹೇಳಲೇಬೇಕಿತ್ತು. ಜುಲೈ ತಿಂಗಳ ಒಂದು ಭಾನುವಾರ ಮೆಟ್ರೋ ಹತ್ತಿ ರೋಹಿಣಿಗೆ ಹೋದೆ. ಅಂಕಲ್‌ಗೆ ನಿಜ ಗೊತ್ತಾಗಬೇಕು, ಅದು ಅವರ ಹಕ್ಕು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಈಗ ಪ್ರಾಮಾಣಿಕವಾಗಿ ಹೇಳುತ್ತೇನೆ, ಹೋದದ್ದು ಅವರಿಗಾಗಿ ಅಲ್ಲ, ನನಗಾಗಿ. ಅವರಿಂದ ಬೈಸಿಕೊಂಡೋ ಕ್ಷಮೆ ಪಡೆದೋ ಹಗುರಾಗಬೇಕಿತ್ತು. ಮೇಡಂ ಹೇಳಿದ್ದು ಅವರ ಮರ್ಯಾದೆಯ ಪ್ರಶ್ನೆ, ಅವರೇ ಇಲ್ಲದ ಮೇಲೆ ಅದೇನು ಎಂದೂ ಸಮಾಧಾನ ಮಾಡಿಕೊಂಡಿದ್ದೆ.

ಅಂಕಲ್ ಬಾಗಿಲು ತೆಗೆದರು. ಮಗಳು ಬಂದಿದ್ದಳು, ಪೇಟೆಗೆ ಹೋಗಿದ್ದಳು. ನನಗೆ ಕೂಲರಿನ ಎದುರಿನ ಕುರ್ಚಿ ತೋರಿಸಿ, ನೀರು ತಂದುಕೊಟ್ಟು, ತಾವೂ ಕೂತರು.

"ಏನಮ್ಮಾ, ಇಷ್ಟು ಬಿಸಿಲಲ್ಲಿ ಬಂದೆ? ಫೋನ್ ಮಾಡಿದ್ರೆ ಅಡುಗೆ ಮಾಡಿಸ್ತಿದ್ದೆ."

ನಾನು ನೀರು ಕುಡಿದು, ಗ್ಲಾಸನ್ನು ಕೈಯಲ್ಲೇ ಹಿಡಿದುಕೊಂಡು ಎಲ್ಲವನ್ನೂ ಹೇಳಿದೆ. ಖಾಲಿ ಜಾಗ, ಸೊನ್ನೆ, ಹಳದಿ, ಮೇಡಂ ಬರೆದ ಪತ್ರ. ಮುಗಿದ ಮೇಲೆ ಅವರು ಫೈಲ್ ನೋಡುವ ಅಧಿಕಾರಿಯ ಹಾಗೆ ಒಂದೊಂದಾಗಿ ಕೇಳಿದರು.

"ಯಾವಾಗಿಂದ ಯಾವಾಗಿನವರೆಗೆ?"

"ಮೊದಲನೇ ಚಳಿಗಾಲ ಪೂರ್ತಿ, ಎರಡನೇದರಲ್ಲಿ ಜನವರಿವರೆಗೆ, ಅಂಕಲ್."

"ಬೆಳಿಗ್ಗೆ ಹೊತ್ತು ಮಾತ್ರಾನಾ?"

"ಬೆಳಿಗ್ಗೆಯೇ ಹೆಚ್ಚು."

"ಹಳದಿ ಅಂತ ಇದ್ದದ್ದು ನಿಜವಾಗಿ ಕೆಂಪು."

"ಹೌದು ಅಂಕಲ್. ತಪ್ಪಾಯ್ತು. ನನ್ನನ್ನ ಕ್ಷಮಿಸಿ."

ಅವರು ಎದ್ದು ಕೂಲರಿನ ವೇಗ ತಗ್ಗಿಸಿ ಬಂದು ಕೂತರು. ಬೈಯುತ್ತಾರೆ ಎಂದು ಕಾಯುತ್ತಿದ್ದೆ. ಬೈದರೆ ಸಾಕೆಂದು ಕಾಯುತ್ತಿದ್ದೆ.

"ಅವಳಿಗೆ ಬೆಳಿಗ್ಗೆ ಏಳೋದು ಅಂದ್ರೆ ಆಗ್ತಿರಲಿಲ್ಲ" ಎಂದರು. "ಮದುವೆಯಾದಾಗಿಂದಾನೂ ಹಾಗೇ. ಇವತ್ತೊಂದಿನ ಬೇಡ ರೀ, ಎದೆ ಬಿಗಿದಿದೆ, ಅನ್ನೋಳು. ನಾನೇ ಬಿಡ್ತಿರಲಿಲ್ಲ. ಡಾಕ್ಟರ್ ಹೇಳಿದಾರಲ್ಲ. ಹಾಸಿಗೇಲೇ ಫೋನ್ ನೋಡ್ತಿದ್ದೆ. ಹಳದಿ ಇದೆ, ಏಳು. ನಿನ್ನ ಲೆಕ್ಕದ ಮೇಲೆ ನಿನಗೇ ನಂಬಿಕೆ ಇಲ್ವಾ ಅಂತ ರೇಗಿಸಿ ಎಬ್ಬಿಸ್ತಿದ್ದೆ. ಶೂ ಹಾಕೋಕೆ ಬಗ್ಗಿದ್ರೆ ಉಸಿರು ಕಟ್ಟೋದು, ಅದಕ್ಕೆ ಲೇಸನ್ನೂ ನಾನೇ ಕಟ್ಟಿ ಕಳಿಸ್ತಿದ್ದೆ."

ಆಗ ನನಗೆ ಅರ್ಥವಾಯಿತು. ಮೇಡಂ ನನ್ನ ಬಾಯಿ ಮುಚ್ಚಿಸಿದ್ದು ತಮ್ಮ ಮಾನಕ್ಕೂ ಅಲ್ಲ, ನನ್ನನ್ನು ಉಳಿಸಲಿಕ್ಕೂ ಅಲ್ಲ. ಈ ಮನುಷ್ಯ ಇದೊಂದು ಮಾತನ್ನು ಯಾವತ್ತೂ ಆಡಬೇಕಾಗಿ ಬರಬಾರದೆಂದು. ನಾನು ಮೆಟ್ರೋದಲ್ಲಿ ಒಂದೂವರೆ ಗಂಟೆ ಪ್ರಯಾಣ ಮಾಡಿ ಬಂದು ಅದನ್ನು ಅವರ ಬಾಯಿಂದ ಆಡಿಸಿದ್ದೆ.

"ಅಂಕಲ್, ಡಾಕ್ಟರು ಹೇಳಿದಾರೆ, ಯಾರೂ ಬಿಡಿಸಿ ಹೇಳೋಕಾಗಲ್ಲ ಅಂತ..."

"ಜನವರಿ ಆದ್ಮೇಲೆ ಅವಳು ಒಂದು ದಿನವೂ ಹೋಗಲಿಲ್ಲ" ಎಂದರು, ನನ್ನ ಮಾತು ಕೇಳಿಸದವರ ಹಾಗೆ. "ಫೋನಲ್ಲಿ ಬಣ್ಣ ಬರೋದು ನಿಂತಿತ್ತು, ಅವಳೇ ಇವತ್ತು ಕೆಂಪು ರೀ, ಬೇಡ, ಅನ್ನೋಳು. ದಿನಾ ಕೆಂಪು. ಸೋಮಾರಿ ಆಗಿಬಿಟ್ಟೆ ಅಂತ ಬೈದೆ. ಹೌದು ರೀ, ವಯಸ್ಸಾಯ್ತು, ಸೋಮಾರಿ ಆದೆ ಅಂತ ನಕ್ಕಳು." ಆಮೇಲೆ ಮೊದಲ ಸಲ ನನ್ನ ಮುಖ ನೋಡಿದರು. "ಅಷ್ಟೊತ್ತಿಗೆ ಅವಳಿಗೆ ಎಲ್ಲಾ ಗೊತ್ತಿತ್ತು, ಅಲ್ವಾ?"

ಗೊತ್ತಿರಲಿಲ್ಲ ಎನ್ನಬಹುದಿತ್ತು. ಆದರೆ ಪತ್ರದ ವಿಷಯವನ್ನು ನಾನೇ ಆಗಲೇ ಹೇಳಿಬಿಟ್ಟಿದ್ದೆ. ತಲೆಯಾಡಿಸಿದೆ. ನಿಮಗೆ ಹೇಳಬೇಡ ಅಂದಿದ್ದರು, ನಿಮಗೆ ನೋವಾಗಬಾರದು ಅಂತ ಎಂದೆ.

ಅಂಕಲ್ ನನ್ನ ಕೈಯಿಂದ ಖಾಲಿ ಗ್ಲಾಸನ್ನು ಮೆತ್ತಗೆ ತೆಗೆದುಕೊಂಡು ಎದ್ದರು. ಅಡುಗೆಮನೆಯ ಕಡೆ ಎರಡು ಹೆಜ್ಜೆ ಹೋಗಿ ನಿಂತರು.

"ಅವಳು ನಂಗೆ ಹೇಳಿದ್ದಿದ್ರೆ, ತಪ್ಪಾಯ್ತು ಕಣೇ ಅಂತ ಒಂದು ಮಾತು ಅಂತಿದ್ದೆ. ನೀನು ಬಂದು ನನ್ನ ಹತ್ರ ಅಂದ್ಯಲ್ಲಮ್ಮಾ, ಹಾಗೆ. ನಾನು ಯಾರ ಹತ್ರ ಹೋಗಲಿ?"